ಎರೆಯೂ ನಿಜ, ಗಾಳವೂ ನಿಜ

ತಪಸ್ಸುಕಾಲದ ಮೊದಲ ಭಾನುವಾರ ಓದುವ ಶುಭಸಂದೇಶ ಒಂದು ವರ್ಷ ಮತ್ತಾಯನದು, ಮರುವರ್ಷ ಮಾರ್ಕನದು, ಅದರ ಮರುವರ್ಷ ಲೂಕನದು. ಆದರೆ ಪ್ರಸಂಗ ಮಾತ್ರ ಒಂದೇ: ಯೇಸುಸ್ವಾಮಿ ಬೆಂಗಾಡಿನಲ್ಲಿ ನಲವತ್ತು ದಿನ ಇದ್ದು ಶೋಧನೆಗೆ ಒಳಗಾದದ್ದು. ಆ ವಾರ ನಮ್ಮ ಯುವಜನರ ಕೂಟದಲ್ಲಿ ಮಾತು ಅತ್ತ ತಿರುಗುತ್ತದೆ, ಸ್ವಲ್ಪ ಹೊತ್ತಿಗೆಲ್ಲ ಯಾರಾದರೊಬ್ಬರು ಗಾಳದ ಹೋಲಿಕೆ ತರುತ್ತಾರೆ. ತೃಶ್ಶಿಲೇರಿಯ ಕಡೆಯವರಿಗೆ ಅದು ಸಹಜವೇ. ಗದ್ದೆ ಬದಿಯ ತೋಡಿನಿಂದ ಹಿಡಿದು ಕಬಿನಿಯವರೆಗೆ, ನೀರು ಸ್ವಲ್ಪ ನಿಂತ ಕಡೆಯಲ್ಲೆಲ್ಲ ಗಾಳ ಹಿಡಿದು ಕೂತವರೊಬ್ಬರು ಕಾಣುತ್ತಾರೆ. ಹೋಲಿಕೆಯ ಪಾಠವೂ ಎಲ್ಲರಿಗೂ ಬಾಯಿಪಾಠ. ಮೀನು ಎರೆಯ ಆಸೆಗೆ ಬಿದ್ದು ಸಾಯುತ್ತದೆ, ನಾವು ಹಾಗೆ ಬೀಳಬಾರದು, ಆಸೆಯನ್ನು ಗೆಲ್ಲಬೇಕು.

ಈ ಪಾಠದಲ್ಲಿ ಏನೋ ಒಂದು ಸರಿಯಾಗಿ ಕೂರುವುದಿಲ್ಲ ಎಂದು ನಮಗೆ ಅನ್ನಿಸುತ್ತದೆ. ಮೀನಿಗೆ ಹಸಿವಾಗಿತ್ತು, ತಿನ್ನಲು ಹೋಯಿತು. ಅದನ್ನು ದುರಾಸೆ ಎನ್ನುವುದು ಹೇಗೆ? ಹಸಿವಿಲ್ಲದ ಮೀನು ಗಾಳಕ್ಕೆ ಬೀಳುವುದಿಲ್ಲ, ನಿಜ. ಆದರೆ ಹಸಿವಿಲ್ಲದ ಮೀನು ಬದುಕುವುದೂ ಇಲ್ಲ. ಆ ಹಸಿವನ್ನು ಇಟ್ಟವರು ದೇವರೇ. ಮೀನು ಹಿಡಿಯುವುದರಲ್ಲಿ ಪಳಗಿದವರು ಮೀನನ್ನು ದಡ್ಡ ಎಂದು ಕರೆಯುವುದನ್ನು ನಾವು ಕೇಳಿಲ್ಲ. ಯಾವ ಮೀನಿಗೆ ಏನು ಬೇಕು, ಯಾವ ಹೊತ್ತಿನಲ್ಲಿ ಬೇಕು, ಯಾವ ಆಳದಲ್ಲಿ ಬೇಕು ಎಂಬುದನ್ನು ಅವರು ವರ್ಷಗಟ್ಟಲೆ ನೋಡಿ ಕಲಿತಿರುತ್ತಾರೆ. ಅವರ ವಿದ್ಯೆಯೆಲ್ಲ ಮೀನಿನ ನ್ಯಾಯವಾದ ಅಗತ್ಯದ ಮೇಲೆ ನಿಂತಿದೆ, ಅದರ ಕೆಟ್ಟತನದ ಮೇಲಲ್ಲ. ಹಾಗಾದರೆ ನಮ್ಮನ್ನು ಎಳೆಯುವುದು ಒಳ್ಳೆಯದೇ ಆಗಿರುವಾಗ ನಾವು ಎದುರಿಸಬೇಕಾದದ್ದು ಏನನ್ನು?

ಗಾಳದ ಹೋಲಿಕೆ ನಮ್ಮ ಕೂಟದಲ್ಲಿ ಹುಟ್ಟಿದ್ದಲ್ಲ, ಅದು ಬೈಬಲಿನಲ್ಲೇ ಇದೆ. ಯಕೋಬನ ಪತ್ರದ ಮೊದಲ ಅಧ್ಯಾಯದ 14ನೇ ವಚನದಲ್ಲಿ, ಪ್ರತಿಯೊಬ್ಬನೂ ಶೋಧನೆಗೆ ಒಳಗಾಗುವುದು ತನ್ನದೇ ಆಸೆಯಿಂದ ಸೆಳೆಯಲ್ಪಟ್ಟಾಗ ಎಂಬ ಅರ್ಥದ ಮಾತಿದೆ. ಅಲ್ಲಿ ಮರುಳಾಗುವುದಕ್ಕೆ ಬಳಸಿರುವ ಗ್ರೀಕ್ ಕ್ರಿಯಾಪದ ‘ದೆಲೆಯಾಜೊ’. ‘ದೆಲೆಯಾರ್’ ಎಂದರೆ ಎರೆ. ಎರೆ ತೋರಿಸಿ ಸೆಳೆಯುವುದೇ ಆ ಪದದ ಮೂಲಾರ್ಥ. ಅದರ ಪಕ್ಕದಲ್ಲೇ ಇರುವ ಇನ್ನೊಂದು ಪದಕ್ಕೆ ಹೊರಕ್ಕೆ ಎಳೆದು ತರುವುದು ಎಂದರ್ಥ. ವಿಚಿತ್ರವೆಂದರೆ ಆ ವಚನದಲ್ಲಿ ಸೈತಾನನ ಹೆಸರೇ ಇಲ್ಲ. ಎರೆ ಹೊರಗಿನಿಂದ ಬಂದದ್ದು ಎಂದು ಯಕೋಬ ಹೇಳುವುದಿಲ್ಲ. ನಮ್ಮೊಳಗಿನ ಆಸೆಯೇ ಎರೆಯಾಗುತ್ತದೆ ಎನ್ನುತ್ತಾನೆ.

ನಮ್ಮದು ಹಲವು ಭಾಷೆಗಳ ಧರ್ಮಕ್ಷೇತ್ರ, ಹೀಗಾಗಿ ಇಂಥ ಪದಗಳು ನಮ್ಮ ಕಿವಿಗೆ ಬೇಗ ತಾಗುತ್ತವೆ. ಕನ್ನಡದ ‘ಎರೆ’ ಮಲಯಾಳದಲ್ಲಿ ‘ಇರ’. ಗಾಳಕ್ಕೆ ಸಿಕ್ಕಿಸುವ ತಿಂಡಿಯೂ ಇರವೇ, ಹುಲಿ ಹಿಡಿದ ಪ್ರಾಣಿಯೂ ಇರವೇ, ಇಂದಿನ ಪತ್ರಿಕೆಗಳಲ್ಲಿ ಅನ್ಯಾಯಕ್ಕೆ ತುತ್ತಾದ ಮನುಷ್ಯರೂ ಇರವೇ. ತೋರಿಸಿದ್ದಕ್ಕೂ ಸಿಕ್ಕಿಬಿದ್ದದ್ದಕ್ಕೂ ಒಂದೇ ಹೆಸರು! ಪ್ರಭು ಕಲಿಸಿದ ಪ್ರಾರ್ಥನೆಯನ್ನೇ ನೋಡಿ. ಕನ್ನಡದಲ್ಲಿ ನಾವು ‘ಶೋಧನೆ’ ಎನ್ನುತ್ತೇವೆ, ಪಕ್ಕದ ಬೆಂಚಿನಲ್ಲಿ ಮಲಯಾಳದವರು ‘ಪ್ರಲೋಭನ’ ಎನ್ನುತ್ತಾರೆ. ತೋಟದ ಕೆಲಸಕ್ಕೆ ಬಂದು ನೆಲೆಸಿದ ತಮಿಳರಲ್ಲಿ ನಮ್ಮ ಹಾಗೆಯೇ ‘ಸೋದನೈ’. ಶೋಧಿಸುವುದು ಎಂದರೆ ಪರೀಕ್ಷಿಸುವುದು, ಹಾಲು ಸೋಸಿದ ಹಾಗೆ ಕಸವನ್ನು ಬೇರೆ ಮಾಡುವುದು. ಪ್ರಲೋಭನೆ ಎಂದರೆ ಆಸೆ ತೋರಿಸುವುದು. ಮೂಲದ ಗ್ರೀಕ್ ಪದದಲ್ಲಿ ಎರಡೂ ಅರ್ಥಗಳಿವೆ, ಆದ್ದರಿಂದ ಯಾವ ಭಾಷೆಯವರೂ ತಪ್ಪಲ್ಲ. ಇಟಲಿಯಲ್ಲಿ ಈ ಸಾಲಿನ ಅನುವಾದವನ್ನು 2020ರಲ್ಲಿ ಹೊಸ ಪೂಜಾಗ್ರಂಥದೊಂದಿಗೆ ಬದಲಾಯಿಸಿದರು. ದೇವರೇ ನಮ್ಮನ್ನು ಕೈಹಿಡಿದು ಶೋಧನೆಗೆ ನೂಕುತ್ತಾರೆ ಎಂಬ ಅರ್ಥ ಬರಬಾರದು ಎಂಬುದೇ ಅದರ ಹಿಂದಿನ ಕಾಳಜಿ. ನಮಗೆ ಎರಡು ಭಾಷೆಯಲ್ಲೂ ಆ ಪ್ರಾರ್ಥನೆ ಹೇಳಿ ರೂಢಿ ಇರುವುದು ಒಂದು ಭಾಗ್ಯ. ಒಂದರಲ್ಲಿ ಎರೆ ಕಾಣುತ್ತದೆ, ಇನ್ನೊಂದರಲ್ಲಿ ಜರಡಿ ಕಾಣುತ್ತದೆ.

ಎರೆಯ ಬಗ್ಗೆ ಮೊದಲು ಒಪ್ಪಿಕೊಳ್ಳಬೇಕಾದ ಸಂಗತಿ, ಅದು ಸುಳ್ಳಲ್ಲ. ಗಾಳದ ತುದಿಯಲ್ಲಿರುವ ಎರೆಹುಳು ನಿಜವಾದ ಎರೆಹುಳುವೇ. ಅದಕ್ಕೆ ರುಚಿ ಇದೆ, ಅದರಿಂದ ಹೊಟ್ಟೆ ತುಂಬುತ್ತದೆ. ಮಳೆ ಬಂದು ಮಣ್ಣಿನಿಂದ ಕೊಚ್ಚಿಬಂದ ಇಂಥದೇ ಹುಳುವನ್ನು ಅದೇ ಮೀನು ನಿನ್ನೆ ತಿಂದು ಸುಖವಾಗಿತ್ತು. ಪಾಪದಲ್ಲಿ ಸುಖವೇ ಇಲ್ಲ ಎಂದು ಮಕ್ಕಳಿಗೆ ಹೇಳಿದರೆ ಅವರು ನಂಬುವುದಿಲ್ಲ. ದೊಡ್ಡವರು ಹೇಳಿದ ಬೇರೆ ಮಾತುಗಳನ್ನೂ ಆಮೇಲೆ ನಂಬುವುದಿಲ್ಲ. ಬೆಂಗಾಡಿನಲ್ಲಿ ಸೈತಾನ ಯೇಸುಸ್ವಾಮಿಯ ಮುಂದೆ ಮೊದಲು ಇಟ್ಟ ಮಾತು ರೊಟ್ಟಿಯದು. ರೊಟ್ಟಿಯಲ್ಲಿ ಏನು ತಪ್ಪು? ಮುಂದೆ ಇದೇ ಯೇಸುಸ್ವಾಮಿ ಐದು ರೊಟ್ಟಿ ಎರಡು ಮೀನಿನಿಂದ ಸಾವಿರಾರು ಜನರ ಹೊಟ್ಟೆ ತುಂಬಿಸುತ್ತಾರೆ. ಕಡೆಯ ರಾತ್ರಿ ರೊಟ್ಟಿಯನ್ನೇ ತಮ್ಮ ಶರೀರವೆಂದು ಕೊಡುತ್ತಾರೆ. ಅವರು ಬೆಂಗಾಡಿನಲ್ಲಿ ಬೇಡವೆಂದದ್ದು ರೊಟ್ಟಿಯನ್ನಲ್ಲ, ಆ ರೊಟ್ಟಿ ಯಾವ ದಾರಕ್ಕೆ ಕಟ್ಟಿತ್ತೋ ಆ ದಾರವನ್ನು. ದೇವಪುತ್ರನಾಗಿದ್ದರೆ ತೋರಿಸು ಎಂಬ ಪಂಥವೇ ಆ ದಾರ.

ದಾರ ಕಾಣದಿರುವುದರಲ್ಲೇ ಗಾಳದ ಚಾತುರ್ಯವಿದೆ. ನೈಲಾನ್ ದಾರವನ್ನು ನೀರಿನ ಬಣ್ಣದಲ್ಲಿ ಮಾಡುವುದೂ, ಮುಳ್ಳನ್ನು ಪೂರ್ತಿಯಾಗಿ ಹುಳುವಿನೊಳಗೆ ಮರೆಸುವುದೂ ಅದಕ್ಕೇ. ಮುಳ್ಳಿನ ತುದಿಗೆ ಹಿಂದಕ್ಕೆ ಬಾಗಿದ ಒಂದು ಸಣ್ಣ ಮೊನೆ ಇರುತ್ತದೆ. ಒಳಹೋಗುವಾಗ ಅದು ಗೊತ್ತೇ ಆಗುವುದಿಲ್ಲ, ಹೊರಬರುವಾಗ ಮಾತ್ರ ಬಾಯಿ ಹರಿಯುತ್ತದೆ. ಕುಡಿತ ಬಿಡಲು ಹೊರಟ ಯಾರನ್ನು ಕೇಳಿದರೂ ಈ ಮೊನೆಯ ಬಗ್ಗೆ ಹೇಳುತ್ತಾರೆ.

ಇಲ್ಲಿ ಒಂದು ಸಮಾಧಾನದ ಮಾತನ್ನೂ ಹೇಳಬೇಕು, ಏಕೆಂದರೆ ನಮ್ಮ ವಯಸ್ಸಿನ ಹಲವರು ಇದೇ ವಿಷಯದಲ್ಲಿ ಒಳಗೊಳಗೇ ಕೊರಗುತ್ತಾರೆ. ಬೆಂಡು ಅಲ್ಲಾಡಿದ ಕೂಡಲೇ ಮೀನು ಸಿಕ್ಕಿತು ಎಂದಲ್ಲ. ಮೀನಿಗೆ ಕೈಗಳಿಲ್ಲ, ಬಾಯಿಯಲ್ಲೇ ಮುಟ್ಟಿ ನೋಡಬೇಕು. ಗೆಂಡೆ ಜಾತಿಯ ಮೀನುಗಳು ಆಹಾರವನ್ನು ನೀರಿನ ಸಮೇತ ಒಳಗೆ ಹೀರಿ, ಸರಿಯಿಲ್ಲವೆನಿಸಿದರೆ ಅರೆಕ್ಷಣದಲ್ಲಿ ಉಗಿದುಬಿಡುತ್ತವೆ ಎಂಬುದು ಪ್ರಾಣಿಶಾಸ್ತ್ರ ಓದಿದವರಿಗೆಲ್ಲ ಗೊತ್ತು. ಗಾಳದವನೂ ಅದನ್ನು ಬಲ್ಲ, ಅದಕ್ಕೇ ಬೆಂಡು ಒಮ್ಮೆ ತೂಗಿದಾಗ ಅವನು ಎಳೆಯುವುದಿಲ್ಲ. ಸಂತ ಅಗಸ್ಟೀನರು ಪರ್ವತ ಪ್ರಸಂಗದ ವ್ಯಾಖ್ಯಾನದಲ್ಲಿ ಪಾಪಕ್ಕೆ ಮೂರು ಹೆಜ್ಜೆ ಹೇಳುತ್ತಾರೆ: ಸೂಚನೆ, ಸವಿ, ಸಮ್ಮತಿ. ಮನಸ್ಸಿಗೆ ಒಂದು ಯೋಚನೆ ಬಂದು ತಾಗುವುದು ಪಾಪವಲ್ಲ. ಶೋಧನೆಗೆ ಒಳಗಾಗುವುದು ಬೇರೆ, ಅದಕ್ಕೆ ಸಮ್ಮತಿಸುವುದು ಬೇರೆ ಎಂದು ಧರ್ಮಸಭೆಯ ಧರ್ಮೋಪದೇಶವೂ ಬೇರ್ಪಡಿಸಿ ಹೇಳುತ್ತದೆ. ಕೆಟ್ಟ ಯೋಚನೆ ಬಂತು, ಆದ್ದರಿಂದ ನಾನು ಕೆಟ್ಟವನು, ಆದ್ದರಿಂದ ಪರಮಪ್ರಸಾದಕ್ಕೆ ಹೋಗಬಾರದು ಎಂದು ಹಿಂದಿನ ಸಾಲಿನಲ್ಲೇ ಉಳಿಯುವ ಹುಡುಗ ಹುಡುಗಿಯರು ಇದನ್ನು ಗಮನಿಸಬೇಕು. ಹಾಗೆಂದು ದಿನವೂ ಒಂದೇ ಗಾಳವನ್ನು ಮುಟ್ಟಿ ಮುಟ್ಟಿ ಉಗಿಯುವ ಮೀನಿನ ಗತಿ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ತಂತ್ರವಿದೆ. ಅನುಭವಿಗಳು ದೊಡ್ಡ ಗೆಂಡೆಗೆ ಗಾಳ ಹಾಕುವ ಮೊದಲು ಎರಡು ಮೂರು ದಿನ ಒಂದೇ ಜಾಗಕ್ಕೆ ತೌಡಿನ ಉಂಡೆ, ಅನ್ನ ಎಸೆಯುತ್ತಾರೆ. ಮುಳ್ಳಿಲ್ಲ, ದಾರವಿಲ್ಲ, ಬರಿಯ ಊಟ. ಮೀನುಗಳು ಆ ಜಾಗಕ್ಕೆ ಒಗ್ಗುತ್ತವೆ. ಫೋನಿನಲ್ಲಿ ಹಣ ಕಟ್ಟಿ ಆಡುವ ಆಟಗಳು ಹೊಸಬರಿಗೆ ಮೊದಲು ಬೋನಸ್ ಕೊಡುತ್ತಿದ್ದದ್ದು ಇದೇ ತೌಡು. ಅಂಥ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಮಾಡಿತು. ಲಾಟರಿಯ ಮಾತು ಹೆಚ್ಚು ಸೂಕ್ಷ್ಮ. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು. ಕೇರಳದಲ್ಲಿ 1967ರಿಂದ ಸರ್ಕಾರವೇ ಅದನ್ನು ನಡೆಸುತ್ತಿದೆ, ಟಿಕೆಟ್ ಮಾರಿ ಬದುಕುವ ಬಡವರೂ ಅಂಗವಿಕಲರೂ ಇದ್ದಾರೆ. ಗಡಿಯ ಆಚೆಯಿಂದ ಬಂದವರು ನಮ್ಮ ಕಡೆಯ ಪೇಟೆಗಳಲ್ಲಿ ಟಿಕೆಟ್ ಕೊಳ್ಳುವುದು ಹೊಸತಲ್ಲ. 2024ರ ಓಣಂ ಬಂಪರ್‌ನ 25 ಕೋಟಿಯ ಟಿಕೆಟ್ ಮಾರಾಟವಾದದ್ದು ಸುಲ್ತಾನ್ ಬತ್ತೇರಿಯಲ್ಲಿ, ಗೆದ್ದದ್ದು ಕರ್ನಾಟಕದವರು. ಆ ಬಹುಮಾನ ನಿಜ, ಆ ಸಂತೋಷವೂ ನಿಜ. ಅದೃಷ್ಟದ ಆಟ ತನ್ನಷ್ಟಕ್ಕೆ ಅನ್ಯಾಯವಲ್ಲ, ಮನೆಯ ಅಗತ್ಯಕ್ಕೆ ಬೇಕಾದದ್ದನ್ನು ಅದು ಕಿತ್ತುಕೊಂಡಾಗ ಒಪ್ಪಲಾಗದು ಎನ್ನುತ್ತದೆ ಧರ್ಮೋಪದೇಶ. ನಮಗೆ ಕಾಣುವ ಕಷ್ಟ ಇಷ್ಟೇ: ಒಬ್ಬರ ನಿಜವಾದ ಬಹುಮಾನ ಲಕ್ಷಾಂತರ ಜನರಿಗೆ ಎರೆಯಾಗುತ್ತದೆ, ಗೆದ್ದವರು ಅದಕ್ಕೆ ಕಾರಣರಲ್ಲ.

ಗಾಳವನ್ನು ಬಿಟ್ಟು ಕೂಳಿಯ ಕಡೆ ಬಂದರೆ ವಿಷಯ ಇನ್ನೂ ಆಳವಾಗುತ್ತದೆ. ಇಡವಪ್ಪಾತಿಯ ಮೊದಲ ದೊಡ್ಡ ಮಳೆ ಬಿದ್ದು ತೋಡುಗಳು ಕೆಂಪಗೆ ತುಂಬಿ ಹರಿದಾಗ ಮೀನುಗಳು ಹೊಳೆಯಿಂದ ಗದ್ದೆಯ ಕಡೆ ಏರಿಬರುತ್ತವೆ. ಮಲೆನಾಡಿನವರು ಅದನ್ನು ಹತ್ತುಮೀನು ಎನ್ನುತ್ತಾರೆ, ಇಲ್ಲಿಯವರು ಊತ್ತ ಎನ್ನುತ್ತಾರೆ. ಆ ಮೀನುಗಳು ಹತ್ತುವುದು ತಿನ್ನಲಿಕ್ಕಲ್ಲ, ಮೊಟ್ಟೆ ಇಡಲಿಕ್ಕೆ. ಅವುಗಳ ಬದುಕಿನಲ್ಲೇ ಎಲ್ಲಕ್ಕಿಂತ ಹಿರಿದಾದ ಪ್ರಯಾಣ ಅದು. ಆ ದಾರಿಗೆ ಅಡ್ಡಲಾಗಿ ಬಿದಿರಿನ ಸೀಳಿನಿಂದ ಹೆಣೆದ ಕೂಳಿ ಇಡುತ್ತಾರೆ. ಅದರಲ್ಲಿ ಎರೆಯೇ ಇರುವುದಿಲ್ಲ. ಅಗಲವಾದ ಬಾಯಿ, ಒಳಗೆ ಹೋದಂತೆ ಕಿರಿದಾಗುತ್ತ, ಒಳಮುಖವಾಗಿ ಚೂಪಾದ ಸೀಳುಗಳು. ಮೀನು ತನ್ನ ದಾರಿಯಲ್ಲಿ ತಾನು ಹೋಗುತ್ತಿರುತ್ತದೆ, ಅಷ್ಟೆ. ಮೊಟ್ಟೆ ತುಂಬಿಕೊಂಡ ಮೀನನ್ನು ಹೀಗೆ ಹಿಡಿಯುವುದೂ ಅದರ ದಾರಿ ಕಟ್ಟುವುದೂ ಕೇರಳದ 2010ರ ಒಳನಾಡು ಮೀನುಗಾರಿಕೆ ಕಾನೂನಿನ ಪ್ರಕಾರ ಅಪರಾಧ, ಏಕೆಂದರೆ ಒಂದು ಮೀನಿನ ಜೊತೆ ಮುಂದಿನ ವರ್ಷದ ಸಾವಿರ ಮೀನುಗಳು ಹೋಗುತ್ತವೆ.

ನಮ್ಮ ಊರಿನ ಯುವಜನರನ್ನು ನೋಡಿ. ಹೆಚ್ಚಿನವರು ಸೋಮಾರಿಗಳಲ್ಲ, ಏರುವವರು. ನರ್ಸಿಂಗ್ ಓದಿ ಜರ್ಮನಿಗೋ ಬ್ರಿಟನ್ನಿಗೋ ಹೋಗಬೇಕು, ಅಪ್ಪನ ಸಾಲ ತೀರಿಸಬೇಕು, ತಂಗಿಯ ಮದುವೆ ಮಾಡಬೇಕು, ಸೋರುವ ಮಾಡನ್ನು ತೆಗೆದು ತಾರಸಿ ಹಾಕಿಸಬೇಕು. ಇದರಲ್ಲಿ ಪಾಪ ಎಲ್ಲಿದೆ? ಆದರೆ ಕೂಳಿ ಇರುವುದು ಈ ದಾರಿಯಲ್ಲೇ. ಭಾಷಾ ಪರೀಕ್ಷೆಗೆ ಅಡ್ಡದಾರಿ, ಇಲ್ಲದ ಅನುಭವಕ್ಕೆ ಪ್ರಮಾಣಪತ್ರ, ಏಜೆಂಟರಿಗೆ ಕೊಡಲು ಮೀಟರ್ ಬಡ್ಡಿಯ ಸಾಲ. ಬಾಯಿ ಅಗಲವಾಗಿರುತ್ತದೆ. ಮನೆಯವರಿಗಾಗಿ ತಾನೇ ಎಂಬ ಸಮಾಧಾನವೂ ಇರುತ್ತದೆ. ಮನೆಯವರಿಗಾಗಿ ಮಾಡುವ ತಪ್ಪಿಗೆ ತಪ್ಪು ಎಂಬ ಹೆಸರು ಬೇಗ ಅಂಟುವುದಿಲ್ಲ. ಅದು ತ್ಯಾಗದ ಬಟ್ಟೆ ಉಟ್ಟು ಬರುತ್ತದೆ.

ಕೂಳಿಯೊಳಗೆ ಸಿಕ್ಕ ಮೀನಿನ ದುರಂತವೆಂದರೆ, ಹೊರಬರುವ ದಾರಿ ಅದರ ಹಿಂದೆಯೇ ಇರುತ್ತದೆ. ಒಳಬಂದ ಬಾಯಿ ಮುಚ್ಚಿಹೋಗಿಲ್ಲ. ಆದರೆ ತಿರುಗಿದರೆ ಸೀಳುಗಳು ಚುಚ್ಚುತ್ತವೆ, ಮೇಲಿನಿಂದ ಬರುವ ನೀರಿನ ಕರೆಯೋ ಮುಂದಕ್ಕೇ. ಅದು ಮುಂದಕ್ಕೆ ನುಗ್ಗುತ್ತಲೇ ಇರುತ್ತದೆ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ, ದೇವರು ಶೋಧನೆಯ ಜೊತೆಗೆ ಅದರಿಂದ ಹೊರಬರುವ ದಾರಿಯನ್ನೂ ಇಟ್ಟಿರುತ್ತಾರೆ ಎಂದಿದ್ದಾನೆ (10:13). ನಾವು ಆ ದಾರಿಯನ್ನು ಸಾಮಾನ್ಯವಾಗಿ ಮುಂದೆ ಹುಡುಕುತ್ತೇವೆ: ಈ ಒಂದು ಸಾಲ, ಈ ಒಂದು ಸುಳ್ಳು, ಆಮೇಲೆ ಎಲ್ಲ ಸರಿಹೋಗುತ್ತದೆ. ಬೈಬಲು ಮನಪರಿವರ್ತನೆ ಎನ್ನುವಾಗ ಹೇಳುವುದು ತಿರುಗುವುದನ್ನು. ತಿರುಗಿದರೆ ಚುಚ್ಚುತ್ತದೆ ಎಂಬುದನ್ನೂ ಹೇಳದೆ ಆ ಪದವನ್ನು ಬಳಸುವುದು ನಮಗೆ ಅಷ್ಟು ಪ್ರಾಮಾಣಿಕವಾಗಿ ಕಾಣುವುದಿಲ್ಲ. ಕೆಲವು ಸಲ ಮೀನಿಗೆ ಒಂಟಿಯಾಗಿ ತಿರುಗಲು ಆಗುವುದೇ ಇಲ್ಲ, ಹೊರಗಿನಿಂದ ಒಂದು ಕೈ ಬಂದು ಕೂಳಿ ಬಿಚ್ಚಬೇಕು.

ಇನ್ನು ಕೊರವ ಮೀನು. ಮಲಯಾಳದವರು ಅದಕ್ಕೆ ವರಾಲ್ ಎನ್ನುತ್ತಾರೆ. ಮಾಂಸ ತಿನ್ನುವ ಬಲಶಾಲಿ ಮೀನು, ಆದರೆ ಮರಿಗಳ ವಿಷಯದಲ್ಲಿ ಅದರಷ್ಟು ಪ್ರೀತಿ ಇರುವ ಮೀನು ಅಪರೂಪ. ಮೊಟ್ಟೆ ಒಡೆದ ಮೇಲೆ ಕೆಂಪು ಬಣ್ಣದ ಮರಿಗಳು ಒಂದು ಗುಂಪಾಗಿ ನೀರಿನ ಮೇಲ್ಭಾಗದಲ್ಲಿ ತಿರುಗುತ್ತವೆ, ತಾಯಿ ತಂದೆ ಕೆಳಗಿನಿಂದ ಕಾವಲು ಕಾಯುತ್ತವೆ. ಹಿಡಿಯುವವನು ಮೀನನ್ನು ಹುಡುಕುವುದಿಲ್ಲ, ಮರಿಗಳ ಕೆಂಪು ಗುಂಪನ್ನು ಹುಡುಕುತ್ತಾನೆ. ಆ ಗುಂಪಿನ ನಡುವೆ ಕಪ್ಪೆಯನ್ನೋ ಕಪ್ಪೆಯ ಆಕಾರದ ರಬ್ಬರ್ ಗೊಂಬೆಯನ್ನೋ ಎಸೆಯುತ್ತಾನೆ. ಕೊರವ ಹಾರಿ ಕಚ್ಚುತ್ತದೆ. ಹಸಿವಿನಿಂದಲ್ಲ, ಮರಿಗಳಿಗೆ ಅಪಾಯವೆಂದು. ಅದು ಸಿಕ್ಕಿಬೀಳುವುದು ತನ್ನ ಪ್ರೀತಿಯಲ್ಲಿ. ತಾಯಿ ತಂದೆ ಹೋದ ಮೇಲೆ ಮರಿಗಳನ್ನು ಬೇರೆ ಮೀನುಗಳು ತಿಂದು ಮುಗಿಸುತ್ತವೆ.

ಶೋಧನೆ ಎಂದ ಕೂಡಲೇ ನಮ್ಮ ಉಪದೇಶಗಳೆಲ್ಲ ಕುಡಿತ, ಕಾಮ, ಹಣ ಎಂಬ ಮೂರರ ಸುತ್ತ ತಿರುಗುತ್ತವೆ. ಕೊರವದ ಶೋಧನೆಯ ಬಗ್ಗೆ ಯಾರೂ ಮಾತಾಡುವುದಿಲ್ಲ. ನಮ್ಮ ವಿಶ್ವಾಸವನ್ನು ಹೀಯಾಳಿಸುವ ಒಂದು ವಿಡಿಯೊ ವಾಟ್ಸಾಪಿಗೆ ಬಂದು ಬಿದ್ದರೆ ಸಾಕು, ಜಪಸರ ಬಿಡದ ಮನೆಯವರೂ ಹಾರಿ ಕಚ್ಚುತ್ತಾರೆ. ಅದನ್ನು ಎಸೆದವರು ಯಾರು, ದಾರ ಯಾರ ಕೈಯಲ್ಲಿದೆ ಎಂದು ನೋಡುವುದಿಲ್ಲ. ಭಾಷೆಯ ವಿಷಯದಲ್ಲೂ ಹೀಗೇ. ಬೆಂಗಳೂರು ಮಹಾಧರ್ಮಕ್ಷೇತ್ರದಲ್ಲಿ ಕನ್ನಡದ ಸ್ಥಾನದ ಕುರಿತು ದಶಕಗಳ ಕಾಲ ನಡೆದ ಜಗಳದ ನೋವು ಕನ್ನಡ ಕಥೋಲಿಕರಿಗೆಲ್ಲ ಗೊತ್ತು. ಕೇರಳದಲ್ಲಿ ಸಿರೋ ಮಲಬಾರ್ ಸಭೆಯ 2021ರ ಸಿನೋಡ್ ನಿರ್ಧಾರದ ನಂತರ, ಬಲಿಪೂಜೆಯಲ್ಲಿ ಗುರುಗಳು ಯಾವ ಕಡೆ ಮುಖ ಮಾಡಿ ನಿಲ್ಲಬೇಕು ಎಂಬ ಪ್ರಶ್ನೆ 2022ರ ಡಿಸೆಂಬರಿನಲ್ಲಿ ಎರ್ನಾಕುಲಂ ಪ್ರಧಾನಾಲಯದ ಪೀಠದ ಎದುರೇ ನೂಕಾಟಕ್ಕೆ ಬಂದಿತು. ಯಾವ ಕಡೆಯವರು ಸರಿ ಎಂದು ಹೇಳುವುದು ಈ ಬರಹದ ಕೆಲಸವಲ್ಲ. ಎರಡೂ ಕಡೆಯವರಿಗೆ ಪೂಜೆಯ ಮೇಲೆ ಪ್ರೀತಿ ಇತ್ತು ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಅದೇ ಹೆದರಿಕೆ ಹುಟ್ಟಿಸುವ ಸಂಗತಿ. ಪ್ರೀತಿಯೇ ಇಲ್ಲದವನಿಗೆ ಈ ಎರೆ ಹಾಕಲು ಬರುವುದಿಲ್ಲ. ನಮ್ಮಲ್ಲೂ ಹಬ್ಬದ ಪೂಜೆ ಯಾವ ಭಾಷೆಯಲ್ಲಿ, ಎಷ್ಟು ಹಾಡು ಕನ್ನಡದಲ್ಲಿ ಎಂಬ ಮಾತು ಬಂದಾಗ ದನಿಗಳು ಏರುವುದನ್ನು ಓದುಗರು ಕೇಳಿಯೇ ಇರುತ್ತೀರಿ. ನಾಲ್ಕು ಹಾಡು ಕನ್ನಡದಲ್ಲಿ ಬೇಕು ಎನ್ನುವುದು ನ್ಯಾಯವೇ, ಕೇಳಬೇಕಾದದ್ದೇ. ಆದರೆ ಕೇಳಿ ಮುಗಿಸುವಷ್ಟರಲ್ಲಿ ಪಕ್ಕದ ಬೆಂಚಿನವರ ಮುಖ ನೋಡಲಾಗದಂತೆ ಆಗಿದ್ದರೆ, ಅಷ್ಟರಲ್ಲಿ ಯಾರೋ ದಾರ ಎಳೆದಿದ್ದಾರೆ ಎಂದೇ ಅರ್ಥ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಮೀನಿಗೆ ಸ್ವಲ್ಪವಾದರೂ ಆಯ್ಕೆ ಇತ್ತು. ಬೇಸಿಗೆಯಲ್ಲಿ ನೀರು ಇಳಿದು ಮಡುಗಳಷ್ಟೇ ಉಳಿದಾಗ ಕೆಲವರು ನಂಜು ಕಲಕುತ್ತಾರೆ. ಮೊದಲು ಕಾಡಿನ ತೊಗಟೆ, ಕಾಯಿಗಳನ್ನು ಜಜ್ಜಿ ಹಾಕುತ್ತಿದ್ದರು, ಈಗ ಅಂಗಡಿಯ ವಿಷವೇ ಸಿಗುತ್ತದೆ. ಆಗ ಎರೆಯ ಪ್ರಶ್ನೆಯೇ ಇಲ್ಲ, ಸಂಯಮದ ಪ್ರಶ್ನೆಯೂ ಇಲ್ಲ. ಉಸಿರಾಡುವ ನೀರೇ ವಿಷವಾದಾಗ ಮೀನಿಗೆ ಏನು ಉಪದೇಶ ಮಾಡುವುದು?

ಇದನ್ನು ಹೇಳಲು ಕಾರಣವಿದೆ. ನಾಮಕರಣ, ಮೊದಲ ಪರಮಪ್ರಸಾದ, ಮದುವೆಯ ಹಿಂದಿನ ರಾತ್ರಿ, ಯಾವುದಕ್ಕೂ ಮನೆಯ ಹಿಂಭಾಗದಲ್ಲಿ ಬಾಟಲಿ ತೆರೆಯದಿದ್ದರೆ ಮರ್ಯಾದೆಯಲ್ಲ ಎಂಬಂತಾಗಿದೆ. ಹದಿನೈದು ವರ್ಷದ ಹುಡುಗನ ಕೈಗೆ ಗ್ಲಾಸು ಕೊಟ್ಟು ನಗುವವರು ಅವನ ಮಾವಂದಿರೇ. ಐದು ವರ್ಷ ಕಳೆದ ಮೇಲೆ ಅದೇ ಮಾವಂದಿರು ಅವನನ್ನು ಯುವಜನರ ಧ್ಯಾನಕೂಟಕ್ಕೆ ಕಳಿಸಿ, ಶೋಧನೆ ಎದುರಿಸುವುದನ್ನು ಕಲಿಸಿಕೊಡಿ ಎನ್ನುತ್ತಾರೆ. ಕಲಿಸಬಹುದು, ಆದರೆ ಅವನು ಮರಳಿ ಹೋಗುವುದು ಅದೇ ಮಡುವಿಗೆ. ಮತ್ತಾಯನ 18ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಚಿಕ್ಕವರನ್ನು ಎಡವಿಸುವವರಿಗೆ ಬೀಸುವ ಕಲ್ಲಿನ 

ಉದಾಹರಣೆ ಕೊಟ್ಟು ಹೇಳುವ ಮಾತು ಅವರ ಬಾಯಿಂದ ಬಂದ ಅತಿ ಕಠಿಣ ಮಾತುಗಳಲ್ಲಿ ಒಂದು. ಅಲ್ಲಿ ಎಡವುಗಲ್ಲಿಗೆ ಬಳಸಿರುವ ‘ಸ್ಕಾಂದಲೋನ್’ ಎಂಬ ಗ್ರೀಕ್ ಪದದ ಹಳೆಯ ಅರ್ಥ, ಬೋನಿನಲ್ಲಿ ಎರೆ ಸಿಕ್ಕಿಸುವ ಕಡ್ಡಿ. ಪ್ರಾಣಿ ಮುಟ್ಟಿದರೆ ಬಾಗಿಲು ಬೀಳುವಂತೆ ಇಡುವ ಕಡ್ಡಿ ಅದು. ಯಕೋಬ ಸಿಕ್ಕಿಬಿದ್ದವನಿಗೆ, ಆಸೆ ನಿನ್ನದೇ, ನೆಪ ಹೇಳಬೇಡ ಎನ್ನುತ್ತಾನೆ. ಯೇಸುಸ್ವಾಮಿ ಕಡ್ಡಿ ಇಟ್ಟವರ ಕಡೆ ತಿರುಗುತ್ತಾರೆ. ಎರಡನ್ನೂ ಒಟ್ಟಿಗೆ ಓದಬೇಕು. ಮೊದಲನೆಯದನ್ನು ಮಾತ್ರ ಓದಿದರೆ ತಪ್ಪೆಲ್ಲ ಹುಡುಗರ ತಲೆಗೆ ಬರುತ್ತದೆ. ಎರಡನೆಯದನ್ನು ಮಾತ್ರ ಓದಿದರೆ ಹುಡುಗರೂ ತಮ್ಮ ಅಪ್ಪಂದಿರನ್ನು ತೋರಿಸಿ ಸುಮ್ಮನೆ ಕೂರುತ್ತಾರೆ.

ಹಾಗಾದರೆ ಎದುರಿಸುವುದು ಹೇಗೆ? ಯೇಸುಸ್ವಾಮಿ ಬೆಂಗಾಡಿನಲ್ಲಿ ಮೂರು ಸಲವೂ ಧರ್ಮೋಪದೇಶಕಾಂಡದ ಮಾತಿನಿಂದಲೇ ಉತ್ತರ ಕೊಟ್ಟರು. ಚರ್ಚೆ ಬೆಳೆಸಲಿಲ್ಲ, ತಮಗೆ ಹಸಿವಿಲ್ಲ ಎಂದೂ ಹೇಳಲಿಲ್ಲ. ಹಸಿವನ್ನು ಒಪ್ಪಿಕೊಂಡೇ ದಾರವನ್ನು ಬೇಡವೆಂದರು. ಲೊಯೋಲದ ಸಂತ ಇಗ್ನಾಸಿಯವರು ತಮ್ಮ ಆಧ್ಯಾತ್ಮಿಕ ಸಾಧನೆಗಳ ಪುಸ್ತಕದಲ್ಲಿ ಇನ್ನೊಂದು ಅನುಭವದ ಮಾತು ಬರೆದಿದ್ದಾರೆ: ವೈರಿ ಎಲ್ಲಕ್ಕಿಂತ ಹೆಚ್ಚಾಗಿ ಬಯಸುವುದು ವಿಷಯ ಗುಟ್ಟಾಗಿ ಉಳಿಯುವುದನ್ನು. ಪಾಪನಿವೇದನೆಯ ಗುರುಗಳಿಗೋ ತಿಳಿದ ಹಿರಿಯರಿಗೋ ಅದನ್ನು ಹೇಳಿಬಿಟ್ಟರೆ ಅವನ ಆಟ ಅರ್ಧ ಮುಗಿಯಿತು. ಕಾಣದ ದಾರ ಕಂಡಂತೆ.

ಇದರಲ್ಲಿ ನಮ್ಮಂಥ ಹಲವು ಭಾಷೆಗಳ ಧರ್ಮಕ್ಷೇತ್ರಕ್ಕೆ ಒಂದು ವಿಶೇಷ ಕಷ್ಟವಿದೆ. ಕನ್ನಡ ಮನೆಮಾತಿನ ಮಕ್ಕಳು ಶಾಲೆಯಲ್ಲಿ ಮಲಯಾಳ ಓದಿರುತ್ತಾರೆ, ಪಾಪನಿವೇದನೆಯನ್ನೂ ಆ ಭಾಷೆಯಲ್ಲೇ ಮಾಡುತ್ತಾರೆ. ಕಲಿತ ಭಾಷೆಯಲ್ಲಿ ಪಾಪದ ಹೆಸರುಗಳು ಪುಸ್ತಕದ ಪದಗಳಾಗಿ ಬರುತ್ತವೆ, ಹೇಳುವಾಗ ನಾಲಿಗೆ ತಡವರಿಸುವುದಿಲ್ಲ. ಅದೇ ಮಾತನ್ನು ಅಮ್ಮನ ಜೊತೆ ಆಡುವ ಭಾಷೆಯಲ್ಲಿ ಹೇಳಲು ಹೋದರೆ ಗಂಟಲು ಕಟ್ಟುತ್ತದೆ. ಆ ಗಂಟಲು ಕಟ್ಟುವುದೇ ಮುಳ್ಳು ಇರುವ ಜಾಗ ಎಂದು ನಮಗೆ ತೋರುತ್ತದೆ. ಕನ್ನಡ ಬಲ್ಲ ಗುರುಗಳು ತಪಸ್ಸುಕಾಲದಲ್ಲಿ ಒಂದು ದಿನವಾದರೂ ಪಾಪನಿವೇದನೆಗೆ ಬಂದು ಕೂರಲಿ ಎಂದು ಯುವಜನರು ಕೇಳುತ್ತಿರುವುದು ಭಾಷಾಭಿಮಾನಕ್ಕಲ್ಲ, ಇದಕ್ಕಾಗಿ.

ಕೊನೆಯದಾಗಿ ಒಂದು ಪದದ ವಿಷಯ. ಲೂಕನ ಶುಭಸಂದೇಶದ 5ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಪೇತ್ರನಿಗೆ, ಇನ್ನು ಮೇಲೆ ನೀನು ಮನುಷ್ಯರನ್ನು ಹಿಡಿಯುವೆ ಎಂಬರ್ಥದ ಮಾತು ಹೇಳುತ್ತಾರೆ. ಅಲ್ಲಿರುವ ಗ್ರೀಕ್ ಕ್ರಿಯಾಪದಕ್ಕೆ ಜೀವಂತವಾಗಿ ಹಿಡಿಯುವುದು ಎಂದರ್ಥ. ಹೊಸ ಒಡಂಬಡಿಕೆಯಲ್ಲಿ ಆ ಪದ ಇನ್ನೊಂದು ಕಡೆ ಮಾತ್ರ ಬರುತ್ತದೆ, ತಿಮೊಥೇಯನಿಗೆ ಬರೆದ ಎರಡನೇ ಪತ್ರದಲ್ಲಿ (2:26). ಅಲ್ಲಿ ಹಾಗೆ ಹಿಡಿಯುವವನು ಪಿಶಾಚಿ. ಇಬ್ಬರೂ ಮೀನುಗಾರರು, ಇಬ್ಬರಿಗೂ ಬೇಕಾದದ್ದು ಜೀವಂತ ಮನುಷ್ಯರೇ! ನಾಲ್ಕನೇ ಶತಮಾನದ ನಿಸ್ಸಾದ ಸಂತ ಗ್ರೆಗೋರಿಯವರು ಇನ್ನೂ ಮುಂದೆ ಹೋಗಿ, ಕ್ರಿಸ್ತರ ಮಾನವ ಶರೀರವೇ ಎರೆ, ಒಳಗಿದ್ದ ದೈವತ್ವವೇ ಗಾಳದ ಮುಳ್ಳು, ಅದನ್ನು ನುಂಗಿ ಸೈತಾನ ಸಿಕ್ಕಿಬಿದ್ದ ಎಂದು ಬರೆದರು. ಸ್ವಾರಸ್ಯವಾದ ಹೋಲಿಕೆ, ಆದರೆ ದೇವರೂ ಮರೆಮಾಚಿ ಹಿಡಿಯುತ್ತಾರೆ ಎನ್ನುವುದು ನಮ್ಮ ಮನಸ್ಸಿಗೆ ಅಷ್ಟಾಗಿ ಒಗ್ಗುವುದಿಲ್ಲ. ಶುಭಸಂದೇಶದಲ್ಲಿ ಯೇಸುಸ್ವಾಮಿ ಯಾರಿಗೂ ಎರೆ ಹಾಕಿದ್ದು ಕಾಣುವುದಿಲ್ಲ. ಶ್ರೀಮಂತ ಯುವಕ ದುಃಖದಿಂದ ಹೊರಟುಹೋದಾಗ ಬೆಲೆ ಇಳಿಸಿ ಅವನನ್ನು ವಾಪಸು ಕರೆಯಲಿಲ್ಲ.

ಪೇತ್ರ ಬಿದ್ದದ್ದು ಯಾವ ಎರೆಗೆ? ಯೊವಾನ್ನನ ಶುಭಸಂದೇಶದ ಪ್ರಕಾರ ಆ ರಾತ್ರಿ ಚಳಿ ಇತ್ತು. ಆಳುಗಳು ಕೆಂಡ ಮಾಡಿಕೊಂಡು ಕಾಯಿಸಿಕೊಳ್ಳುತ್ತಿದ್ದರು, ಪೇತ್ರನೂ ಅವರ ಜೊತೆ ನಿಂತ. ಚಳಿಗೆ ಬೆಂಕಿ, ಒಂಟಿತನಕ್ಕೆ ನಾಲ್ಕು ಜನರ ಸಂಗ, ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಆ ರಾತ್ರಿ ಮೂರು ಸಲ ಯೇಸುವನ್ನು ಅರಿಯೆನೆಂದ. ಕೆಂಡದ ಬೆಂಕಿ ಎಂಬ ಆ ಪದ ಹೊಸ ಒಡಂಬಡಿಕೆಯಲ್ಲಿ ಮತ್ತೆ ಬರುವುದು ಒಂದೇ ಕಡೆ, ತಿಬೇರಿಯ ಸರೋವರದ ದಡದಲ್ಲಿ, ಪುನರುತ್ಥಾನದ ನಂತರ. ರಾತ್ರಿಯಿಡೀ ಬಲೆ ಬೀಸಿ ಬರಿಗೈಯಾಗಿದ್ದವರಿಗೆ ಬೆಳಗಿನ ಜಾವ 153 ದೊಡ್ಡ ಮೀನು ಸಿಕ್ಕಿದ್ದವು, ಬಲೆ ಹರಿದಿರಲಿಲ್ಲ. ಪೇತ್ರ ದಡಕ್ಕೆ ಬಂದಾಗ ಯೇಸುಸ್ವಾಮಿ ಕೆಂಡ ಮಾಡಿ, ಅದರ ಮೇಲೆ ಮೀನಿಟ್ಟು, ರೊಟ್ಟಿಯನ್ನೂ ಇಟ್ಟುಕೊಂಡಿದ್ದರು. ಅಂದು ಬೇಡವೆಂದ ರೊಟ್ಟಿ, ಅಂದು ಬೀಳಿಸಿದ ಬೆಂಕಿ. ನೀನು ನನ್ನನ್ನು ಪ್ರೀತಿಸುತ್ತೀಯಾ ಎಂಬ ಪ್ರಶ್ನೆಯನ್ನು ಅವರು ಪೇತ್ರನಿಗೆ ಕೇಳಿದ್ದು ಎಲ್ಲರ ಊಟ ಮುಗಿದ ಮೇಲೆ.